ನಡುವಿನ ಪ್ರೋಗ್ರಾಮೂ ನನ್ನ ಬೆರಳೂ

ಕಂಪ್ಯೂಟರ್ ಮುಂದೆ ಕೂತ ಮೇಲೆ ನನ್ನಿಂದಾದ ಎಡವಟ್ಟು ಒಂದಾ ಎರಡಾ. ಹೇಳ್ಕೊಳ್ಳೋಕೆ ನಾಚ್ಕೆ, ಹೇಳ್ದೆ ಇದ್ರೆ ಹೊಟ್ಟೆ ಉಬ್ಬರಿಸ್ತದೆ.

ಹಾಸನದ ಒಂದು ವಧು-ವರ ಕೇಂದ್ರದಲ್ಲಿ ಜಾತಕ ಹೊಂದ್ಸೋ ಕೆಲ್ಸ ನಂದು. ಎರಡು ಸಾವಿರದ ಐದೋ ಆರೋ ಇರ್ಬೇಕು, ಯಜಮಾನ್ರು ಚನ್ನರಾಯಪಟ್ಟಣದ ಒಬ್ಬ ಮೇಡಂ ಕೈಲಿ ವೆಬ್‌ಸೈಟ್ ಮಾಡ್ಸಿದ್ರು. ಪ್ರತಿ ಸಂಬಂಧಕ್ಕೂ ಹಂತಗಳು: ಜಾತಕ ಬಂತು, ನೋಡಿದ್ದಾಯ್ತು, ಒಪ್ಪಿಗೆ, ಮನೇಲಿ ಸಾವಾಗಿ ಮಾತು ನಿಂತ್ರೆ ಸೂತಕ. ಕೆಲ್ಸದೋರಿಗೂ ಒಂದೊಂದು ಪುಟ ಇತ್ತು.

"ನೀವು ಹಂತ ಬದಲಾಯ್ಸಿ ಸಾಕು ಸಾ. ನಡುವೆ ಮಿಡ್ಲ್‌ವೇರ್ ಅಂತ ಒಂದು ಪ್ರೋಗ್ರಾಂ ಕೂತಿರ್ತದೆ. ಬದಲಾದದ್ದು ನೋಡಿ ಯಾರ್ಯಾರಿಗೆ ತಿಳಿಸ್ಬೇಕೋ ಅವ್ರ ಮೊಬೈಲಿಗೆ ಅದೇ ಮೆಸೇಜ್ ಕಳಿಸ್ತದೆ" ಅಂದ್ಳು ಆಯಮ್ಮ. ಯಾರು ಬದಲಾಯ್ಸಿದ್ರು ಅಂತಾನೂ ಬರ್ಕೊಳ್ತದಂತೆ. ಅದನ್ನ ನಾನು ಕಿವಿಗೆ ಹಾಕ್ಕೊಳ್ಲಿಲ್ಲ. ಮೂವತ್ತು ವರ್ಷದಿಂದ ಗಂಡು-ಹೆಣ್ಣಿನ ನಡುವೆ ಕೂತಿರೋನು ನಾನು, ನನಗೂ ಅವ್ರಿಗೂ ನಡುವೆ ಇದ್ಯಾವನು ಅಂತ ಸಿಟ್ಟು.

ಎರಡನೇ ಸಲದ ಉಪ್ಪಿಟ್ಟು

ಅರಕಲಗೂಡಿನ ಹೆಣ್ಣು, ಹೊಳೆನರಸೀಪುರದ ಗಂಡು. ಹೆಣ್ಣು ನೋಡೋಕೆ ಹೋದ ಗಂಡಿನ ಕಡೆಯೋರು ಎರಡೆರಡು ಸಲ ಉಪ್ಪಿಟ್ಟು ಹಾಕಿಸ್ಕೊಂಡ್ರು. ಆಮೇಲೆ "ಊರಿಗೋಗಿ ತಿಳಿಸ್ತೀವಿ" ಅಂದ್ರು. ಹಂಗಂದ್ರೆ ಬೇಡ ಅಂತ ನನಗೆ ಗೊತ್ತಿರ್ಬೇಕಿತ್ತು. ನಾನು ಉಪ್ಪಿಟ್ಟನ್ನ ನಂಬಿ 'ಒಪ್ಪಿಗೆ' ಒತ್ತಿದೆ. ಪ್ರೋಗ್ರಾಂ ಎರಡೂ ಮನೆಗೆ, ಜೊತೆಗೆ ಅಡುಗೆ ಭಟ್ಟರಿಗೂ ತಿಳಿಸ್ತು. ಭಟ್ಟರು ಒಬ್ಬಟ್ಟಾ ಲಾಡಾ ಅಂತ ಕೇಳ್ಕೊಂಡು ಹೆಣ್ಣಿನ ಮನೆ ಬಾಗಿಲಿಗೆ ಹೋಗ್ಬುಟ್ರು.

ಯಜಮಾನ್ರು ಕೆಂಡವಾದ್ರು. "ಪ್ರೋಗ್ರಾಂ ಕೆಟ್ಟದೆ ಸಾ" ಅಂದ್ಬುಟ್ಟೆ. ಬೈಗುಳ ಎಲ್ಲಾ ಮೇಡಂಗೆ. ಆಯಮ್ಮ ನನ್ನ ಮುಖ ನೋಡಿದ್ಳು. ನಾನು ಫ್ಯಾನ್ ನೋಡ್ದೆ. ಕರೆಂಟ್ ಹೋಗಿ ಫ್ಯಾನ್ ನಿಂತಿತ್ತು, ಆದ್ರೂ ನೋಡ್ತಾನೇ ಇದ್ದೆ.

ಅಳಿಸೋಕೆ ಹೋಗಿದ್ದು

ತಪ್ಪು ಮುಚ್ಚೋಕೆ ಅಂತ ಅದೇ ಸಂಬಂಧನ 'ನೋಡಿದ್ದಾಯ್ತು'ಗೆ ವಾಪಸ್ ತಂದೆ. ತೆರೆ ಮೇಲೆ ಏನೂ ಅಲ್ಲಾಡ್ಲಿಲ್ಲ. ಮತ್ತೆ 'ಒಪ್ಪಿಗೆ' ಒತ್ತಿದೆ, ಮತ್ತೆ ವಾಪಸ್. ನಲವತ್ತು ಸಲ ಒತ್ತಿರ್ಬೇಕು. ಹೋಗ್ಲಿ, ಏಳು. ಒತ್ತಿದಾಗೆಲ್ಲಾ ಮೆಸೇಜು ಹೋಗ್ತಿತ್ತು.

ಮಾರನೇ ದಿನ ಗಂಡಿನ ಅಜ್ಜಿ ಮೊದಲ ಬಸ್ಸಿಗೇ ಬಂದ್ಬುಟ್ಲು. "ಒಂದೇ ಮದ್ಯಾನ್ದಾಗೆ ನಮ್ಮುಡ್ಗುನ್ನ ಏಳ್ಸಾರಿ ಒಪ್ಪಿ ಏಳ್ಸಾರಿ ಬುಟ್ರಲ್ಲಪ್ಪ, ಅವ್ನು ಬಾಸಿಂಗ ಕಟ್ಬೇಕಾ ಬಿಚ್ಬೇಕಾ?"

ನಾನು ಮತ್ತೆ ಪ್ರೋಗ್ರಾಂ ಕಡೆಗೇ ಕೈ ತೋರ್ಸಿದೆ. ಇನ್ನೊಂದು ಸಲ ಹಿಂಗಾದ್ರೆ ನೀನೂ ಬೇಡ ನಿನ್ನ ವೆಬ್‌ಸೈಟೂ ಬೇಡ ಅಂದ್ರು ಯಜಮಾನ್ರು ಮೇಡಂಗೆ. ಅವತ್ತು ನನಗೆ ಊಟ ಸೇರ್ಲಿಲ್ಲ. ಒಂದೇ ಮುದ್ದೆ ಉಂಡೆ.

ಮೂರು ದಿನದ ಸೂತಕ

ಹಳ್ಳಿಮೈಸೂರಲ್ಲಿರೋ ಅತ್ತೆ ಮನೇಲಿ ಹಿತಕಿದವರೆ ಸಾರು. ಯಜಮಾನ್ರು ರಜ ಕೊಡೋ ಆಸಾಮಿ ಅಲ್ಲ. ಆದ್ರೆ ಸೂತಕದೋರು ಜಾತಕ ಮುಟ್ಟೋ ಹಂಗಿಲ್ಲ, ಅದಕ್ಕೆ ಯಾರೂ ಎದುರಾಡಲ್ಲ. ಸೈಟಲ್ಲಿ ನನ್ನ ಪುಟ ತೆಗೆದು ಮೂರು ದಿನಕ್ಕೆ 'ಸೂತಕ' ಒತ್ತಿದೆ. 'ತೀರಿಕೊಂಡವರ ಹೆಸರು' ಅಂತ ಒಂದು ಖಾನೆ ಬಂತು. ಕನ್ನಡಕ ಮನೇಲಿತ್ತು. ಕೆಲ್ಸದೋರ ಹೆಸರು ಕೇಳ್ತದೆ ಅಂದ್ಕೊಂಡು ನನ್ನದೇ ಬರ್ದು ಬಸ್ ಹತ್ತಿದೆ.

ಮರುದಿನ ಜಗಲಿ ಮೇಲೆ ಅವರೆ ಹಿತುಕ್ತಾ ಕೂತಿದ್ದೀನಿ, ಯಜಮಾನ್ರು ಹಾರ ಹಿಡ್ಕೊಂಡು ಬರ್ತಾವ್ರೆ. ಹಿಂದೆ ಮೇಡಂ, ಅವಳ ಹಿಂದೆ ಆ ಅಜ್ಜಿ. ನಾನು ತೀರ್ಕೊಂಡೆ ಅಂತ ಎಲ್ಲರ ಮೊಬೈಲಿಗೂ ಮೆಸೇಜ್ ಹೋಗಿ, ನಮ್ಮನೆ ಬೀಗ ನೋಡಿ ಪಕ್ಕದೋರ್ನ ಕೇಳ್ಕೊಂಡು ಇಲ್ಲಿಗೇ ಬಂದಿದ್ರು. ನನ್ನ ನೋಡಿದ್ದೇ ಯಜಮಾನ್ರು ಮೇಡಂ ಕಡೆ ತಿರುಗಿದ್ರು. "ಬದುಕಿರೋನ್ನ ಸಾಯ್ಸಿದ್ಯಲ್ಲಮ್ಮ. ನಾಳೆಯಿಂದ ಬರ್ಬೇಡ."

ಆಯಮ್ಮನ ಕೈಲಿ ಮಡಿಸಿದ ಒಂದು ಕಾಗದ ಇತ್ತು. ಪ್ರೋಗ್ರಾಂ ಬರ್ಕೊಂಡಿದ್ದು, ನನ್ನ ಒಂದೊಂದು ಒತ್ತೂ ಅದ್ರಲ್ಲಿ. ಬಿಚ್ಚಿ ತೋರ್ಸಿದ್ರೆ ಮುಗೀತಿತ್ತು. ಬಿಚ್ಚಲಿಲ್ಲ. ನನ್ನ ಬಿಳಿ ತಲೆ ನೋಡಿ ತಡೆದಿದ್ಳು.

ನನಗೆ ನಿಜವಾಗ್ಲೂ ಸತ್ತಂಗಾಯ್ತು. "ಅವಳ್ದೇನೂ ತಪ್ಪಿಲ್ಲ ಸಾ. ಮೂರ್ಸಲಾನೂ ಒತ್ತಿದೋನು ನಾನೇ" ಅಂದೆ.

ಯಜಮಾನ್ರು ಮೇಡಂಗೆ "ನೀನು ನಾಳೆ ಬಾರಮ್ಮ" ಅಂದು, ತಂದದ್ದು ದಂಡ ಆಗ್ಬಾರ್ದು ಅಂತ ಹಾರ ನನ್ನ ಕತ್ತಿಗೇ ಹಾಕಿದ್ರು.

ಅಜ್ಜಿ ಮಾತ್ರ ಸೆರಗು ಹೊದ್ಕೊಂಡು ಜಗಲಿ ಮೇಲೆ ಕುಂತ್ಬುಟ್ಲು. ಎಲ್ಲಾರೂ ಹೊರಟ್ರು, ನೀವೂ ಏಳಿ ಅಜ್ಜಿ ಅಂದೆ.

"ನಿನ್ ಏಳ್ಸಾರಿ ಲೆಕ್ಕ ನಂಗೊತ್ತು ಕಣಪ್ಪ" ಅಂದ್ಲು. "ಇನ್ನೂ ಆರ್ಸಾರಿ ಸಾಯ್ಬೇಕಲ್ಲ ನೀನು. ಓಗಿ ಬಂದು ಮಾಡಕ್ಕೆ ನಂಗೆ ಕಾಲ್ನೋವು. ಎಲ್ಲಾ ಮುಗುಸ್ಕಂಡೇ ಓಯ್ತೀನಿ."