ಆಯುಧ ಪೂಜೆಗೆ ತರಿಸಿದ ಬಂದೂಕು

ನಾನು ಹುಟ್ಟಾ ಶಾಂತಿಪ್ರಿಯ. ಜಿರಲೆ ಕಂಡರೆ ಕುರ್ಚಿ ಹತ್ತುವವನು. ಇಂಥವನಿಗೆ ಹಳೇ ಅಮೆರಿಕದ ಗಡಿನಾಡಿನ ಕುದುರೆ ಸೈನಿಕರ ಬಂದೂಕಿನ ಮೇಲೆ ಮೋಹ ಹುಟ್ಟಿತು. ಅಂತರಜಾಲದಲ್ಲಿ ಅದರದೇ ತದ್ರೂಪಿ ಮಾರಾಟಕ್ಕಿತ್ತು. ಮರದ ಹಿಡಿ, ಹಿತ್ತಾಳೆ ಪಟ್ಟಿ. ಗುಂಡು ಹಾರುವುದಿಲ್ಲ, ಗೋಡೆಗೆ ನೇತುಹಾಕಲು ಮಾತ್ರ. ಪ್ರತಿ ವರ್ಷ ತರಕಾರಿ ಚಾಕುವಿಗೆ ಆಯುಧ ಪೂಜೆ ಮಾಡಿ ಬೇಸತ್ತಿದ್ದ ನಾನು ಆರ್ಡರ್ ಮಾಡಿಯೇಬಿಟ್ಟೆ!

ಹೆಂಡತಿ ಸುಮನಾ ಹೌಹಾರಿದಳು. “ರೀ, ಈ ಸಿಂಗಾಪುರಕ್ಕೆ ಚೂಯಿಂಗ್ ಗಮ್ಮೇ ತರೋ ಹಾಗಿಲ್ಲ, ನೀವು ಬಂದೂಕು ತರಿಸ್ತಾ ಇದೀರಾ? ಪಿಆರ್ ಅಪ್ಲಿಕೇಶನ್ ಬೇರೆ ಪೆಂಡಿಂಗ್ ಇದೆ!”

“ಡಮ್ಮಿ ಕಣೇ ಅದು. ಒಂದು ನೊಣಾನೂ ಸಾಯಲ್ಲ.”

“ಅಪ್ಪಾ, ಕ್ಯಾನಾಟ್ ಲಾ,” ಆಗಲ್ಲಪ್ಪಾ ಎಂದು ಅಪ್ಪಟ ಸಿಂಗಾಪುರದ ಇಂಗ್ಲಿಷಿನಲ್ಲಿ ಹೇಳಿದಳು ಎಂಟು ವರ್ಷದ ಮಗಳು.

ನನ್ನ ವರ್ಕ್ ಪಾಸ್ ಡಿಸೆಂಬರಿಗೆ ಮುಗಿಯುತ್ತಿತ್ತು. ಕಂಪನಿ ಕೈ ಎತ್ತಿತ್ತು. ಪಿಆರ್, ಅಂದರೆ ಕಾಯಂ ವಾಸದ ಪರವಾನಗಿ, ಸಿಕ್ಕರೆ ಮಾತ್ರ ಸೆಂಗ್‌ಕಾಂಗ್ ಬಡಾವಣೆಯ ನಮ್ಮ ಮನೆಯಲ್ಲಿ ಉಳಿಯಬಹುದಿತ್ತು. ಸುಮನಾ ಪಾಠ ಹೇಳುತ್ತಿದ್ದ ಶಿಶುವಿಹಾರವೂ ಉಳಿಯುತ್ತಿತ್ತು. ಆ ಕೆಲಸವೆಂದರೆ ಅವಳಿಗೆ ಪ್ರಾಣ.

ಮೂರು ವಾರಕ್ಕೆ ಬಂದೂಕು ಬರಲಿಲ್ಲ, ಪೊಲೀಸರ ಪತ್ರ ಬಂತು. ಪಾರ್ಸೆಲ್ ತಡೆಹಿಡಿಯಲಾಗಿದೆ, ವಿಚಾರಣೆಗೆ ಬರಬೇಕು. ಇಸ್ತ್ರಿ ಶರ್ಟು ತೊಟ್ಟು, ತಿಳಿಸಿ ಹೇಳಿದರಾಯಿತು ಎಂದು ಹೋದೆ.

“ಪರ್ಮಿಟ್ ಇದೆಯಾ?” ಎಂದರು ಅಧಿಕಾರಿ.

“ಇಲ್ಲ ಸರ್. ಇದು ಪೂಜೆಗೆ.”

“ಬಂದೂಕಿಗೆ ಪೂಜೆಯೇ?”

“ಎಲ್ಲ ಆಯುಧಗಳಿಗೂ ಸರ್! ಪ್ರತಿ ವರ್ಷ ಮಾಡುತ್ತೇವೆ.”

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು. “ಮಾಡುತ್ತೇವೆ ಅಂದರೆ, ಎಷ್ಟು ಜನ?”

ಇಲ್ಲಿ ಬಾಯಿ ಮುಚ್ಚಬೇಕಿತ್ತು. ನಾನೋ, ಸಾಕ್ಷ್ಯಸಮೇತ ನಿರಪರಾಧಿಯಾಗಲು ಹೊರಟವನು! ಫೋನ್ ತೆಗೆದು ಹಿಂದಿನ ವರ್ಷದ ಫೋಟೊ ತೋರಿಸಿದೆ. ಸಾಲಾಗಿ ಚಾಕು, ಕತ್ತರಿ, ಸುತ್ತಿಗೆ, ಎಲ್ಲಕ್ಕೂ ಕೆಂಪು. ನಡುವೆ ಒಡೆದ ಬೂದುಗುಂಬಳ, ಅದರೊಳಗಿಂದ ಕುಂಕುಮದ ನೀರು ಧಾರೆಯಾಗಿ ಇಳಿದಿದೆ. ಹಿಂದೆ ನಿಂತು ಹಲ್ಲು ಕಿರಿಯುತ್ತಿರುವ ಹನ್ನೆರಡು ಮಂದಿ ಮಿತ್ರರು. ಅಧಿಕಾರಿ ಫೋಟೊ ದೊಡ್ಡದು ಮಾಡಿ ತಲೆ ಎಣಿಸಿದರು. ಆಮೇಲೆ ಹನ್ನೆರಡೂ ಜನರ ಹೆಸರು ಕೇಳಿದರು. ಕೊಟ್ಟೆ. ಕೇಳದಿದ್ದರೂ ಫೋನ್ ನಂಬರನ್ನೂ ಕೊಟ್ಟೆ!

ಅಂದು ಎಂಆರ್‌ಟಿ ರೈಲಿನಲ್ಲಿ ನಿಂತೇ ಬಂದೆ. ಸೀಟು ಖಾಲಿಯಿತ್ತು, ಕೂತರೆ ಅದಕ್ಕೂ ಪರ್ಮಿಟ್ ಕೇಳಿಯಾರೆಂಬ ಭಯ.

ಹನ್ನೆರಡು ಮಂದಿಗೂ ಕರೆ ಹೋಯಿತು. ಎಲ್ಲರೂ ಬೂದುಗುಂಬಳದ ಬಗ್ಗೆ ವಿವರಣೆ ಕೊಟ್ಟು ಬಂದರು. ಸಂಜೆಯೊಳಗೆ ವಾಟ್ಸ್ಯಾಪ್ ಗುಂಪಿನಿಂದ ನನ್ನನ್ನು ತೆಗೆದುಹಾಕಿದರು. ಬಂದೂಕು ಮುಟ್ಟುಗೋಲಾಯಿತು, ನನಗೆ ಲಿಖಿತ ಎಚ್ಚರಿಕೆ ದೊರೆಯಿತು. ಆ ಬಂದೂಕನ್ನು ಒಂದು ದಿನವೂ ಕೈಯಲ್ಲಿ ಹಿಡಿಯಲಿಲ್ಲ.

ಆಯುಧ ಪೂಜೆಯ ಹಿಂದಿನ ದಿನ ಪಿಆರ್ ಉತ್ತರ ಬಂತು. ಆಗಿಲ್ಲ. ಕಾರಣ ಬರೆದಿರಲಿಲ್ಲ.

“ಬಂದೂಕಿನಿಂದಲೇ ಅಂತ ಹೇಗೆ ಹೇಳ್ತೀಯಾ?” ಎಂದೆ.

“ನಾನೆಲ್ಲಿ ಹೇಳಿದೆ?” ಎಂದಳು ಸುಮನಾ. ಕಣ್ಣು ಕೆಂಪಾಗಿತ್ತು. ನನಗೆ ನಾಚಿಕೆಯಾಯಿತು.

ಮರುದಿನ ಅವಳೇ ಚಾಕು, ಕತ್ತರಿ, ಲ್ಯಾಪ್‌ಟಾಪ್‌ಗಳಿಗೆ ಕುಂಕುಮ ಹಚ್ಚಿದಳು. ಆಮೇಲೆ ಅಟ್ಟಣಿಗೆಯಿಂದ ಎರಡು ದೊಡ್ಡ ಸೂಟ್‌ಕೇಸ್ ಇಳಿಸಿ, ಧೂಳು ಒರೆಸಿ, ಅವಕ್ಕೂ ಹಚ್ಚಿದಳು. ನಾನು ಹಣೆ ಮುಂದೆ ಮಾಡಿ ನಿಂತೆ. ಅವಳು ಬಟ್ಟಲು ಎತ್ತಿಕೊಂಡು ಒಳಗೆ ಹೋದಳು.

ಸರಿಯೇ. ಪೂಜೆ ಇರುವುದು ಕೆಲಸಕ್ಕೆ ಬರುವ ಸಾಮಾನುಗಳಿಗೆ!