ಪೇಟೆ ಬೀದಿಯಲ್ಲಿ ಗಾಡಿ ನಿಲ್ಲಿಸಬಾರದು

ಗಾಡಿ ನಿಲ್ಲಿಸುವ ಜಾಗಕ್ಕೆ ಜಗಳವಾಗದ ಪೇಟೆಯನ್ನು ನಾನಂತೂ ಕಂಡಿಲ್ಲ. ಈಗ ಕಾರಿನವರೂ ಸ್ಕೂಟರಿನವರೂ ಬೀದಿಯಲ್ಲಿ ಕಿತ್ತಾಡುವುದನ್ನು ನೋಡಿ ನನ್ನ ಮೊಮ್ಮಕ್ಕಳು "ಕಾಲ ಕೆಟ್ಟುಹೋಯ್ತು" ಎನ್ನುತ್ತಾರೆ. ಕಾಲ ಆಗಲೇ ಕೆಟ್ಟಿತ್ತು, ಮಾರಾಯ್ರೆ!

ಕೊಡಗು ತಾನೇ ಒಂದು ರಾಜ್ಯವಾಗಿದ್ದ ದಿನಗಳವು. ನಾನು ಘಟ್ಟ ಹತ್ತಿ ಬಂದು, ಅಮ್ಮತ್ತಿಯ ಆಚೆಗಿನ ಒಂದು ಪುಟ್ಟ ಪೇಟೆಯಲ್ಲಿ ಕಾಫಿ ಹೋಟೆಲು ಇಟ್ಟಿದ್ದೆ. ಇಡೀ ಪೇಟೆಗೆ ಇದ್ದದ್ದೊಂದೇ ಬೀದಿ. ಸಂತೆಯ ದಿನ ಎಸ್ಟೇಟುಗಳ ಎತ್ತಿನ ಗಾಡಿ, ಸಾವ್ಕಾರ್ರ ಕಾರು, ಎಲ್ಲವೂ ಅಲ್ಲೇ ನಿಲ್ಲಬೇಕು. ಹಾಗಿರುವಾಗ ಮೈಸೂರಿನ ಕಡೆಯಿಂದ ಹೊಸ ಸಾಹೇಬರೊಬ್ಬರು ಪೇಟೆಯ ಆಡಳಿತಕ್ಕೆ ಬಂದರು. ಬಂದ ವಾರದಲ್ಲೇ ಒಂದು ಬೋರ್ಡು ಹೊಡೆಸಿದರು: ಈ ಬೀದಿಯಲ್ಲಿ ಗಾಡಿ, ಕಾರು ನಿಲ್ಲಿಸಬಾರದು, ಎಲ್ಲವೂ ಸೇತುವೆಯಾಚೆಯ ಮೈದಾನಕ್ಕೆ ಹೋಗತಕ್ಕದ್ದು.

ನನ್ನ ಗಿರಾಕಿಗಳೆಲ್ಲ ಗಾಡಿಯವರು. ಎತ್ತು ಕಣ್ಣಿಗೆ ಕಾಣದಿದ್ದರೆ ಗಾಡಿಯವನ ಗಂಟಲಲ್ಲಿ ಕಾಫಿ ಇಳಿಯುವುದಿಲ್ಲ. ಸೇತುವೆಯಾಚೆ ಎತ್ತು ಬಿಟ್ಟು ಯಾವನೂ ನನ್ನ ಹೋಟೆಲಿಗೆ ಬರುವವನಲ್ಲ. ಬೋರ್ಡು ಹಾಗೇ ಉಳಿದರೆ ನಾನು ಪಾತ್ರೆ ಕಟ್ಟಿಕೊಂಡು ಪುನಃ ಘಟ್ಟ ಇಳಿಯುವುದೇ ಸೈ.

ಎತ್ತುಗಳಿಗೆ ಓದಲು ಬಾರದು

ಮೊದಲು ವಿರೋಧ ಮಾಡಿದವರು ನಾವಲ್ಲ, ಒಂದು ಎಸ್ಟೇಟಿನ ಜೋಡಿ ಎತ್ತು. ನಾನು ದಿನಾ ಅವಕ್ಕೆ ಬಾಳೆಹಣ್ಣಿನ ಸಿಪ್ಪೆ ಹಾಕುತ್ತಿದ್ದೆ. ಗಾಡಿಯವನು ನಿದ್ದೆಯಲ್ಲಿದ್ದರೂ ಅವು ನೆಟ್ಟಗೆ ಬಂದು ನನ್ನ ಹೋಟೆಲಿನ ಮುಂದೆ ನಿಲ್ಲುತ್ತಿದ್ದವು.

ಬೋರ್ಡು ಕಾಯಲು ಒಬ್ಬ ಪೊಲೀಸ್ ಪೇದೆಯನ್ನು ಹಾಕಿದ್ದರು. ಪಾಪದ ಮನುಷ್ಯ. ಅವನು ಕೂಗಿದ, ಬಾಲ ತಿರುವಿದ, ಹಿಂದಿನಿಂದ ದೂಡಿದ. ಎತ್ತುಗಳು ಕಿವಿ ಕೂಡ ಅಲ್ಲಾಡಿಸಲಿಲ್ಲ.

ಗಾಡಿಯವನು ಎದ್ದು ಆಕಳಿಸುತ್ತಾ, "ನನ್ನನ್ನ್ಯಾಕೆ ಬೈತೀರಿ ಸ್ವಾಮಿ? ನಾ ನಿಲ್ಸಿದ್ದಲ್ಲ. ಅವೇ ನಿಂತದ್ದು. ಅವಕ್ಕೆ ಹೇಳಿ" ಎಂದ.

ಕೊನೆಗೆ ಪೇದೆ ನನ್ನ ಹತ್ತಿರವೇ ಒಂದು ಬುಟ್ಟಿ ಸಿಪ್ಪೆ ಇಸಿದುಕೊಂಡು, ತೋರಿಸುತ್ತಾ ತೋರಿಸುತ್ತಾ ಎತ್ತುಗಳನ್ನು ಮೈದಾನದವರೆಗೆ ನಡೆಸಿಕೊಂಡು ಹೋದ. ಈ ಉಪಾಯ ಅವನಿಗೆ ಬಹಳ ಹಿಡಿಸಿತು. ಬಂದ ಬಂದ ಗಾಡಿಗೆಲ್ಲ ಅದೇ ಉಪಚಾರ.

ಮುಂದಿನ ಸಂತೆಗೆ ಸಾಹೇಬರು ಬಂದು ನೋಡುತ್ತಾರೆ, ನಡುಬೀದಿಯಲ್ಲಿ ಪೇದೆ ನಿಂತಿದ್ದಾನೆ, ಅವನ ಸುತ್ತ ಗಾಡಿಗಳೂ ನಿಂತಿವೆ. ಒಂದು ಎತ್ತು ಅವನ ಜೇಬು ಮೂಸುತ್ತಿದೆ.

"ಏನ್ರೀ ಇದು?" ಎಂದು ಸಾಹೇಬರು ಗುಡುಗಿದರು.

"ಸರ್, ನಾನು ಮೈದಾನಕ್ಕೆ ಹೋಗಿ ನಿಂತ್ರೆ ಇವೆಲ್ಲ ಅಲ್ಲಿಗೇ ಬರ್ತವೆ" ಎಂದ ಪೇದೆ. "ಆದ್ರೆ ಆಮೇಲೆ ಬೀದಿ ಕಾಯೋದು ಯಾರು ಸರ್?"

ಓಡುವ ಜವಳಿ ಅಂಗಡಿ

ನನ್ನ ಎದುರಿಗೆ, ಮಲಬಾರಿನಿಂದ ಬಂದ ಒಬ್ಬ ಮಾಪಿಳ್ಳೆ ಕಾಕನ ಜವಳಿ ಅಂಗಡಿ. ಎಸ್ಟೇಟಿನ ಅಮ್ಮಂದಿರು ಆಗ ಕಾರಿನಿಂದ ಇಳಿಯುವ ಪದ್ಧತಿಯೇ ಇರಲಿಲ್ಲ. ಕಾರು ಅಂಗಡಿಯ ಮುಂದೆ ನಿಲ್ಲಬೇಕು, ಹಾರ್ನ್ ಹೊಡೆಯಬೇಕು, ಕಾಕ ಬಟ್ಟೆ ಹೊತ್ತುಕೊಂಡು ಕಿಟಕಿಯ ಹತ್ತಿರ ಓಡಬೇಕು.

ಪೊನ್ನಂಪೇಟೆ ಕಡೆಯ ಒಬ್ಬ ಅಮ್ಮ ಬೋರ್ಡು ಓದಿ, ಡ್ರೈವರಿಗೆ ಹೇಳಿದರು: "ನಿಲ್ಲಿಸಬಾರದು ಅಂತ ತಾನೇ ಉಂಟು? ನೀನು ನಿಲ್ಲಿಸಬೇಡ. ಮೆಲ್ಲ ಹೋಗ್ತಾ ಇರು."

ಕಾರು ಬಸವನ ಹುಳದ ಹಾಗೆ ಹೊರಟಿತು. ಪಕ್ಕದಲ್ಲಿ ಕಾಕ, ಕಂಕುಳಲ್ಲಿ ರವಿಕೆ ಬಟ್ಟೆಯ ಥಾನು, ಹಣೆಯಲ್ಲಿ ಬೆವರು. "ಬಣ್ಣ ಹೋಗೂದಿಲ್ಲಮ್ಮ! ನಾನ್ ಗ್ಯಾರಂಟಿ!" ಎನ್ನುತ್ತಾ ಓಡುತ್ತಿದ್ದಾನೆ. ಬಿಸಿಲಿಗೆ ಹಿಡಿದು ನೋಡಲೆಂದು ಅಮ್ಮ ಬಟ್ಟೆಯ ಒಂದು ತುದಿಯನ್ನು ಕಿಟಕಿಯೊಳಗೆ ಎಳೆದುಕೊಂಡರು. ಅಷ್ಟರಲ್ಲಿ ಎದುರಿನಿಂದ ಪೇದೆ ಸೀಟಿ ಊದಿದ. ಡ್ರೈವರು ಗಾಬರಿಯಾಗಿ ಆಕ್ಸಿಲರೇಟರ್ ಒತ್ತಿಯೇಬಿಟ್ಟ.

"ಪಡಚ್ಚೋನೆ!" ಎಂದು ಕಾಕ ದೇವರನ್ನು ಕೂಗಿದ್ದು ಇಡೀ ಬೀದಿಗೆ ಕೇಳಿಸಿತು. ಥಾನು ಕೈಯಿಂದ ಜಾರಿ ಉರುಳತೊಡಗಿತು. ನನ್ನ ಹೋಟೆಲು ದಾಟಿತು, ಬೇಕರಿ ದಾಟಿತು. ಕಾರು ಸೇತುವೆ ಮುಟ್ಟುವ ಹೊತ್ತಿಗೆ ಬೀದಿಯ ಉದ್ದಕ್ಕೂ ಗಿಳಿಹಸಿರು ಬಣ್ಣದ ಬಟ್ಟೆ ಹಾಸಿತ್ತು. ಯಾರೋ ಮಂತ್ರಿಗಳು ಬರುತ್ತಾರೆಂದು ಭಾವಿಸಿ ನಾಲ್ಕೈದು ಮಂದಿ ಟೊಪ್ಪಿ ತೆಗೆದು ನಿಂತದ್ದೂ ಆಯಿತು.

ಕಾಕ ಏದುಸಿರು ಬಿಡುತ್ತಾ ಸೇತುವೆಯ ಹತ್ತಿರ ಕಾರು ಹಿಡಿದ. ಅಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ ಬೀದಿಯತ್ತ ಒಮ್ಮೆ ನೋಡಿದರು.

"ಬಣ್ಣ ಒಳ್ಳೇದುಂಟು ಕಾಕ" ಎಂದರು. "ಆದರೆ ನನಗೆ ಇಷ್ಟೆಲ್ಲ ಬೇಡ."

ನಾನೇ ಮಾಡಿಸಿದ ಹರತಾಳ

ಇನ್ನು ಸುಮ್ಮನಿದ್ದರೆ ಆಗದು ಎಂದು ಅಂಗಡಿಯವರೆಲ್ಲ ನನ್ನ ಹೋಟೆಲಿನಲ್ಲಿ ಸೇರಿದರು. ಜಾಗವಂತೂ ಬೇಕಾದಷ್ಟಿತ್ತು, ಗಿರಾಕಿಗಳೇ ಇರಲಿಲ್ಲವಲ್ಲ. ಸಂತೆಯ ದಿನವೇ ಹರತಾಳ ಮಾಡೋಣ, ಸಾಹೇಬರಿಗೆ ಬುದ್ಧಿ ಬರಲಿ ಎಂದು ನಾನು ಬೆಂಚು ಗುದ್ದಿ ಹೇಳಿದೆ. ನಾನು ಗುದ್ದಿದರೆ ಗುದ್ದಿದ್ದೇ.

"ವ್ಯಾಪಾರ ಹೋಗೂದಿಲ್ವಾ ಭಟ್ರೆ?" ಎಂದ ಕಾಕ.

"ಮುಂದಿನ ಬಾಗಿಲು ಮಾತ್ರ ಮುಚ್ಚುವುದು. ಹಿಂದಿನ ಬಾಗಿಲಿಗೆ ಹರತಾಳ ಇಲ್ಲ" ಎಂದೆ.

ಸಂತೆಯ ದಿನ ಬಂತು. ಬೀದಿಯಲ್ಲಿ ಒಂದು ಬಾಗಿಲೂ ತೆರೆಯಲಿಲ್ಲ. ಬಾಗಿಲು ಹಾಕಿದ ಅಂಗಡಿಯ ಮುಂದೆ ಯಾರು ಗಾಡಿ ನಿಲ್ಲಿಸುತ್ತಾರೆ? ಬೀದಿ ತೊಳೆದಿಟ್ಟ ಹಾಗೆ ಖಾಲಿ. ನಾವು ಬಾಗಿಲ ಸಂದಿಯಿಂದ ಇಣುಕುತ್ತಾ, ಈಗ ಸಾಹೇಬರ ಮುಖ ಸಪ್ಪೆಯಾಗುತ್ತದೆ ಎಂದು ಕಾದೆವು.

ಸಾಹೇಬರು ಬಂದರು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ನಡೆದರು. ಕನ್ನಡಕ ತೆಗೆದು ಕಣ್ಣೊರಸಿಕೊಂಡರು. ದುಃಖವಾಯಿತೆಂದು ನಾವು ಹಿಗ್ಗಿದೆವು. ಸಂಜೆ ನೋಡಿದರೆ ಬೋರ್ಡಿನ ಕೆಳಗೆ ಸಭೆ!

"ಒಂದು ಗಾಡಿ ಇಲ್ಲ, ಒಂದು ಕಾರಿಲ್ಲ!" ಎಂದರು ಸಾಹೇಬರು ಗದ್ಗದಿತರಾಗಿ. "ಅಂಗಡಿ ಮುಚ್ಚಿಯಾದ್ರೂ ಸರಿ, ಬೀದಿ ಖಾಲಿ ಇಡ್ತೀವಿ ಅಂತ ಹೊರಟ ಇಂಥ ವರ್ತಕರನ್ನ ನಾನು ಎಲ್ಲೂ ಕಂಡಿಲ್ಲ. ಇನ್ನು ಈ ಬೋರ್ಡು ಖಾಯಂ." ಹಾಗೆಂದು ನಮ್ಮ ಮುಖಂಡರಿಗೆ, ಅಂದರೆ ನನಗೆ, ಸೇವಂತಿಗೆ ಹಾರ ಹಾಕಿದರು. ನನಗೆ ಅಳುವೇ ಬಂತು. ಅದನ್ನು ಅವರು ಸಂತೋಷವೆಂದುಕೊಂಡು ಬೆನ್ನು ತಟ್ಟಿದರು.

ಕಾಕ ನನ್ನ ಕಿವಿಯಲ್ಲಿ, "ಭಟ್ರೆ, ಇನ್ನೊಂದು ಹರತಾಳ ಮಾಡೂದಾದ್ರೆ ನನಗೆ ಹೇಳ್ಬೇಡಿ" ಎಂದ.

ಮೈಸೂರಿನ ಅತ್ತೆ

ನಾನು ಊರಿಗೆ ಹೋಗುವುದೆಂದು ತೀರ್ಮಾನಿಸಿ ಪಾತ್ರೆ ತೊಳೆಸುತ್ತಿದ್ದ ದಿನವೇ ಮೈಸೂರಿನಿಂದ ಒಂದು ಬಾಡಿಗೆ ಕಾರು ಬಂತು. ಒಳಗೆ ಸಾಹೇಬರ ಅತ್ತೆ. ಜೊತೆಗೆ ಟ್ರಂಕು, ಉಪ್ಪಿನಕಾಯಿ ಭರಣಿ, ಅಳಿಯಂದಿರಿಗೆ ಇಷ್ಟವೆಂದು ತಂದ ವೀಳ್ಯದೆಲೆಯ ದೊಡ್ಡ ಕಟ್ಟು. ಸಾಹೇಬರ ಬಾಡಿಗೆ ಮನೆ ಕಾಕನ ಅಂಗಡಿಯ ಮಾಳಿಗೆಯಲ್ಲೇ ಇತ್ತು. ಕಾರು ಅಲ್ಲಿ ನಿಂತಿತು. ಪೇದೆ ಬೋರ್ಡು ತೋರಿಸಿದ. ಅವನಿಗೆ ಅತ್ತೆಯೂ ಒಂದೇ, ಎತ್ತೂ ಒಂದೇ. ಕಾರು ಮೈದಾನಕ್ಕೆ ಹೋಯಿತು.

ಅಲ್ಲಿ ಆಕೆ ಇಳಿದು, ಗಾಡಿಗಳ ನಡುವೆ ಟ್ರಂಕಿನ ಮೇಲೆ ಕೂತುಬಿಟ್ಟರು. "ಅಳಿಯಂದಿರೇ ಬಂದು ಕರ್ಕೊಂಡು ಹೋಗ್ಲಿ" ಎಂದರು. ಸುದ್ದಿ ಮುಟ್ಟಿ ಸಾಹೇಬರು ಓಡಿ ಬಂದರು. ಅವರ ಹಿಂದೆ ಇಡೀ ಪೇಟೆ ಓಡಿತು. ಅಷ್ಟರಲ್ಲಿ ಒಂದು ಎತ್ತು ವೀಳ್ಯದೆಲೆಯನ್ನೆಲ್ಲ ಮುಗಿಸಿ ದಾರವನ್ನು ಜಗಿಯುತ್ತಿತ್ತು.

"ಮನೆ ಮುಂದೆ ಕಾರು ನಿಲ್ಲಿಸಬಾರದಂತೆ! ಯಾವ ಮುಠ್ಠಾಳ ಮಾಡಿದ್ದು ಈ ಕಾನೂನು?" ಎಂದು ಅತ್ತೆ ಕೇಳಿದರು.

"ಅಮ್ಮಾವ್ರೆ, ಅದು..." ಎಂದು ಪೇದೆ ಬಾಯಿ ತೆರೆದ. ಸಾಹೇಬರಿಗೆ ಭಯಂಕರ ಕೆಮ್ಮು ಬಂತು.

"ನಾನು ವಿಚಾರಿಸ್ತೀನಿ ಅತ್ತೆ" ಎಂದು ಅವರು ಟ್ರಂಕನ್ನು ತಾವೇ ತಲೆಯ ಮೇಲೆ ಹೊತ್ತುಕೊಂಡು ಹೊರಟರು.

ಬೆಳಿಗ್ಗೆ ನೋಡಿದರೆ ಬೋರ್ಡಿಲ್ಲ. ಗಾಡಿಗಳು ನನ್ನ ಬಾಗಿಲಿಗೆ ಬಂದು ನಿಂತಿದ್ದವು. ಬೆಂಚು ತುಂಬಿತ್ತು. ನನಗಾದ ಸಂತೋಷ ಹೇಳತೀರದು, ಮಾರಾಯ್ರೆ. ಆ ಗಲಾಟೆಯ ನಡುವೆಯೇ ಅತ್ತೆಯವರು ಅಳಿಯಂದಿರನ್ನು ಕರೆದುಕೊಂಡು ಕಾಫಿಗೆ ಬಂದರು.

"ನೋಡಿದ್ರಾ ಭಟ್ರೇ, ನಮ್ಮ ಅಳಿಯಂದಿರು ಅಂದ್ರೆ ಏನು ಅಂತ?" ಎಂದರು ಎಲ್ಲರಿಗೂ ಕೇಳುವಂತೆ. "ಒಂದೇ ರಾತ್ರೀಲಿ ಆ ಮುಠ್ಠಾಳನ್ನ ಮಟ್ಟ ಹಾಕ್ಬಿಟ್ರು! ಅವನ ಮುಖ ಒಂದ್ಸಲ ನೋಡ್ಬೇಕಿತ್ತು ನಾನು. ನಿಮ್ಮ ಹೋಟೆಲಿಗೆ ಬರ್ತಾನಾ ಅವನು?"

ಕಾಕ ಟವೆಲನ್ನು ಬಾಯಿಗೆ ತುರುಕಿಕೊಂಡ.

"ಅಪರೂಪಕ್ಕೆ ಬರ್ತಾರಮ್ಮ" ಎಂದೆ ನಾನು.

ಸಾಹೇಬರು ಕಾಫಿ ಲೋಟ ಮುಖಕ್ಕೆ ಅಡ್ಡ ಹಿಡಿದು ಕುಡಿಯುತ್ತಲೇ ಇದ್ದರು. ನಾನಿನ್ನೂ ಅದಕ್ಕೆ ಕಾಫಿ ಹಾಕಿರಲಿಲ್ಲ.