ಬೇಲಿಯಾಚೆಯಿಂದ ಹೊತ್ತು ತಂದ ಕೆರೆ

ಕಥೆ ಹೇಳುವುದೇನು ಮಹಾ ವಿದ್ಯೆಯೇ? ಬಾಯಿ ಇದ್ದರೆ ಸಾಕು. ಆ ಒಂದು ಪದಾರ್ಥಕ್ಕೆ ನನ್ನಲ್ಲಿ ಯಾವತ್ತೂ ಅಭಾವ ಬಂದದ್ದಿಲ್ಲ. ಹಾಗೆಂದುಕೊಂಡೇ ನಾನು ಈ ಕೆಲಸಕ್ಕೆ ಕೈ ಹಾಕಿದೆ.

ಮೊಮ್ಮಗಳು ಮಾನ್ಯಳಿಗೆ ಎಂಟು ವರ್ಷ. ಅವಳ ಶಾಲೆಯಲ್ಲಿ ಅಜ್ಜ ಅಜ್ಜಿಯರ ದಿನ ಎಂದು ಒಂದು ಮಾಡುತ್ತಾರಂತೆ. ಮನೆಗೊಬ್ಬ ಅಜ್ಜಿಯೋ ತಾತನೋ ಹೋಗಿ, ಮಕ್ಕಳ ಮುಂದೆ ದೊಡ್ಡ ಕುರ್ಚಿಯಲ್ಲಿ ಕೂತು, ತಮ್ಮ ಊರಿನ ಬೆಟ್ಟವೋ ಕೆರೆಯೋ ಬಂಡೆಯೋ ಹೇಗೆ ಹುಟ್ಟಿತು ಎಂಬ ಹಳೇ ಕಥೆ ಹೇಳಬೇಕು. ಮಿಕ್ಕವರು ಹಿಂದೆ ಕೂತು ಚಪ್ಪಾಳೆ ತಟ್ಟಬೇಕು. ಈ ದೇಶದಲ್ಲಿ ಕೆಲಸವಿಲ್ಲದ ಮುದುಕರಿಗೂ ಪ್ರೋಗ್ರಾಮು!

ಮಾನ್ಯಳಿಗೆ ಅಜ್ಜಿಯರು ಇಬ್ಬರು. ಒಬ್ಬಳು ನಾನು. ಬೆರ್ರಿಯೆಸಾ ಎಂಬ ಬಡಾವಣೆಯಲ್ಲಿ ಮಗಳ ಮನೆಯಲ್ಲಿ ಯಜಮಾನರ ಜೊತೆ ಇದ್ದೇನೆ. ದೋಸೆ ಹುಯ್ಯುವುದು, ಬಟ್ಟೆ ಮಡಿಸುವುದು, ಹುಡುಗಿಯನ್ನು ಶಾಲೆಗೆ ಬಿಡುವುದು, ತರುವುದು ನನ್ನ ಇಲಾಖೆ. ಇನ್ನೊಬ್ಬರು ಬೀಗಿತ್ತಿ ಸುಗುಣಮ್ಮ, ಅಳಿಯನ ತಾಯಿ. ಮೈಸೂರಿನಲ್ಲಿ ಹೆಡ್‌ಮಿಸ್ಟ್ರೆಸ್ ಆಗಿದ್ದವರು. ರಿಟೈರ್ ಆಗಿ ಎಷ್ಟೋ ವರ್ಷವಾದರೂ ಹೆತ್ತ ಮಕ್ಕಳೇ ಅವರನ್ನು ಕಂಡರೆ ಎದ್ದು ನಿಲ್ಲುತ್ತಾರೆ. ದೊಡ್ಡ ಮಗನ ಜೊತೆ ಕ್ಯುಪರ್ಟಿನೋದಲ್ಲಿ ವಾಸ. ಅಲ್ಲಿನ ಮನೆಗಳ ರೇಟು ಅವರ ಕತ್ತಿನಲ್ಲೇ ಕಾಣುತ್ತದೆ. ನಮ್ಮ ಬೀದಿಗೆ ಬಂದರೆ ಅದು ಎಡಕ್ಕೂ ತಿರುಗದು, ಬಲಕ್ಕೂ ತಿರುಗದು.

ನನಗೆ ಆ ಕುರ್ಚಿ ಬೇಕಾಗಿತ್ತು. ಹುಟ್ಟಿದ ದಿನದಿಂದ ಆ ಹುಡುಗಿಯ ಕುಂಡೆ ತೊಳೆದವಳು ನಾನು. ಆದರೆ ಅವಳ ಗೆಳತಿಯರು ಮನೆಗೆ ಬಂದಾಗ ಸುಗುಣಮ್ಮನ ಪರಿಚಯ ಹೇಗೆ ಗೊತ್ತೇ? "ದಿಸ್ ಈಸ್ ಮೈ ಗ್ರ್ಯಾಂಡ್‌ಮದರ್, ಶಿ ವಾಸ್ ಎ ಪ್ರಿನ್ಸಿಪಾಲ್." ನನ್ನದು? "ದಟ್ಸ್ ಅಜ್ಜಿ." ಮುಗಿಯಿತು! ಫ್ರಿಜ್ಜು ಎಲ್ಲಿದೆ ಎಂದು ತೋರಿಸಿದ ಹಾಗೆ. ಆ ಶಾಲೆಯಲ್ಲಿ ಒಂದು ದಿನವಾದರೂ ಮಕ್ಕಳು ತಿರುಗಿ, "ಇವಳು ಮಾನ್ಯಳ ಅಜ್ಜಿ" ಎನ್ನಬೇಕು ಎಂದು ನನಗೆ ಹಟ ಹತ್ತಿತು.

ಒಂದೇ ಒಂದು ಸಣ್ಣ ತೊಂದರೆ. ನನಗೆ ಕಥೆ ಬರುವುದಿಲ್ಲ. ನಮ್ಮವ್ವ ಕಥೆ ಹೇಳಿ ಮಕ್ಕಳನ್ನು ಮಲಗಿಸಿದವಳಲ್ಲ. ಬೆನ್ನಿಗೆ ಒಂದು ಗುದ್ದಿ ಮಲಗಿಸಿದವಳು. ನಿದ್ದೆ ಚೆನ್ನಾಗಿಯೇ ಬರುತ್ತಿತ್ತು.

ಯಜಮಾನರನ್ನು ಕೇಳಿದೆ. ಬಸ್ ಡಿಪೋದಲ್ಲಿ ಗುಮಾಸ್ತರಾಗಿದ್ದವರು, ನಾಲ್ಕು ಅಕ್ಷರ ಕಂಡವರು.

"ರೀ, ನಮ್ಮೂರಲ್ಲಿ ಹಳೇ ಕಥೆ ಏನಾದ್ರೂ ಐತಾ?"

"ಟ್ರಾನ್ಸ್‌ಫಾರ್ಮರ್ ಸುಟ್ಟೋಗಿದ್ದು."

"ಅದೂ ಒಂದ್ ಕಥೇನಾ?"

"ಬೇಸಿಗೆ ಪೂರ್ತಿ ಕತ್ಲಲ್ಲಿ ಕೂತಿದ್ದೀವಿ. ಕಥೆ ಅಲ್ದೆ ಇನ್ನೇನೇ?"

"ಬೆಟ್ಟ, ಕೆರೆ ಇಂಥದ್ದು ಹೇಳ್ರೀ."

"ಬೆಟ್ಟಾನ ಕ್ವಾರಿಯೋರು ತಿಂದ್ರು. ಕೆರೆ ನಮ್ಮೂರಲ್ಲಿ ಯಾವತ್ತೂ ಇರ್ಲಿಲ್ಲ. ಬೋರ್‌ವೆಲ್ ಐತೆ, ಅದ್ರ ಮೇಲೆ ಬೇಕಾದ್ರೆ ಹೇಳ್ಕೋ" ಎಂದು ಫೋನಿನೊಳಗೆ ಮುಖ ಹಾಕಿದರು.

ಆಗ ನೆನಪಾದವಳು ಪಕ್ಕದ ಮನೆಯ ಇಲ್ಡಾ. ನನ್ನ ವಯಸ್ಸಿನವಳೇ. ಪೋರ್ಚುಗಲ್ ದೇಶದವರದು ಅಜೋರೆಸ್ ಎಂದು ನಡು ಸಮುದ್ರದಲ್ಲಿ ಕೆಲವು ದ್ವೀಪಗಳಿವೆಯಂತೆ, ಅಲ್ಲಿಂದ ಮದುವೆಯಾಗಿ ಬಂದವಳು. ಗಂಡ ಯಾರದೋ ಡೈರಿಯಲ್ಲಿ ಹಸು ಕರೆದು ಕರೆದು ಈ ಮನೆ ಮಾಡಿ ಸತ್ತ. ಅವಳ ಹಿತ್ತಲಲ್ಲಿ ಅವರೆಕಾಳಿನ ದೊಡ್ಡಣ್ಣನಂಥ ಒಂದು ಕಾಳು ಬೆಳೆಯುತ್ತದೆ. ಬೇಲಿಯ ಮೇಲಿಂದ ಅವಳು ಕಾಳು ಕೊಡುತ್ತಾಳೆ, ನಾನು ಕರಿಬೇವು ಕೊಡುತ್ತೇನೆ. ಇಬ್ಬರ ಇಂಗ್ಲಿಷೂ ಒಂದೇ ಕಾಲಿನಲ್ಲಿ ಕುಂಟುವುದರಿಂದ ಜೊತೆಯಾಗಿ ನಡೆಯಲು ಸಲೀಸು.

ಇಲ್ಡಾಳಿಗೆ ಕಥೆಯ ಚಟ. ಕೇಳದಿದ್ದರೂ ಹೇಳುತ್ತಾಳೆ. ಅವಳ ದೇಶದಲ್ಲಿ ಕಥೆಯಿಲ್ಲದ ಒಂದು ಮೋಟು ಗೋಡೆಯೂ ಇಲ್ಲ.

ಬಾರ್ಸೆಲೂಸ್ ಎಂದು ಒಂದು ಊರು. ಅಲ್ಲಿ ಏನೂ ತಪ್ಪು ಮಾಡದ ಯಾತ್ರಿಕನೊಬ್ಬನನ್ನು ಕಳ್ಳನೆಂದು ಗಲ್ಲಿಗೆ ಹಾಕುವವರಿದ್ದರಂತೆ. ನ್ಯಾಯಾಧೀಶ ಊಟಕ್ಕೆ ಕೂತಿದ್ದ. "ನಾನು ಕಳ್ಳನಲ್ಲದಿದ್ದರೆ ನಿನ್ನ ತಟ್ಟೆಯಲ್ಲಿರುವ ಹುಂಜ ಕೂಗುತ್ತದೆ" ಎಂದನಂತೆ ಇವನು. ಹುರಿದ ಹುಂಜ ಎದ್ದು ನಿಂತು ಕೂಗಿತಂತೆ! ಅಂದರೆ ಏನರ್ಥ? ಬೆಂದಿಲ್ಲ ಎಂದು ಅರ್ಥ. ಹಿಡಿದು ಕೇಳಬೇಕಾದದ್ದು ಅಡುಗೆಯವಳನ್ನು.

ಕೊಯಿಂಬ್ರಾ ಊರಿನಲ್ಲಿ ಇಸಬೆಲ್ ಎಂದು ಒಬ್ಬ ರಾಣಿ. ಗಂಡನಿಗೆ ಗೊತ್ತಾಗದಂತೆ ಮಡಿಲಲ್ಲಿ ಬ್ರೆಡ್ಡು ತುಂಬಿಕೊಂಡು ಬಡವರಿಗೆ ಹಂಚಲು ಹೊರಟಳಂತೆ. ರಾಜ ಅಡ್ಡ ಹಾಕಿ ಏನದು ಎಂದ. ಗುಲಾಬಿ ಎಂದಳು. ಮಡಿಲು ಬಿಚ್ಚಿದರೆ ನಿಜವಾಗಿಯೂ ಗುಲಾಬಿ! ಇಲ್ಡಾ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ನಾನು ಕೇಳಿದೆ, "ಹಸಿದು ಬಂದವರ ಗತಿ? ಹೂ ಮುಡ್ಕೊಂಡು ಮನೆಗೆ ಹೋದ್ರಾ?" ಅವಳ ದೇಶದಲ್ಲಿ ಇದನ್ನು ಯಾರೂ ಕೇಳಿಯೇ ಇಲ್ಲವಂತೆ.

ಮೂರನೆಯದು ಅವಳ ದ್ವೀಪದ್ದೇ ಕೆರೆ. ಒಂದೇ ಕೆರೆ, ಅರ್ಧ ನೀಲಿ, ಅರ್ಧ ಹಸಿರು. ನೀಲಿ ಕಣ್ಣಿನ ರಾಜಕುಮಾರಿಗೂ ಹಸಿರು ಕಣ್ಣಿನ ಕುರಿ ಕಾಯುವವನಿಗೂ ಪ್ರೀತಿ. ಅಪ್ಪ ಬೇಡವೆಂದ. ಕಡೆಯ ಸಲ ಸೇರಿದಾಗ ಇಬ್ಬರೂ ಅತ್ತರು. ಅವಳ ಕಣ್ಣೀರಿನಿಂದ ನೀಲಿ ನೀರು, ಅವನ ಕಣ್ಣೀರಿನಿಂದ ಹಸಿರು ನೀರು. ಹೇಳುತ್ತಾ ಇಲ್ಡಾ ಮೂಗು ಒರೆಸಿಕೊಂಡಳು. ಕೆರೆ ತುಂಬುವಷ್ಟು ಅಳಬೇಕಾದರೆ ಎಷ್ಟು ಹೊತ್ತು ಹಿಡಿದಿರಬೇಕು? ಅಲ್ಲಿಯವರೆಗೆ ಕುರಿ ನೋಡಿಕೊಂಡವರಾರು? ನಾನು ಕಾಳು ಸುಲಿಯುತ್ತಾ ಇಷ್ಟು ಯೋಚಿಸಿದೆ. ಆಮೇಲೆ ಯೋಚಿಸಿದೆ: ಈ ಕೆರೆ ನಮ್ಮೂರಿಗೆ ಬಂದರೆ ಯಾರಿಗೆ ಏನು ನಷ್ಟ? ಇಲ್ಡಾಳ ದ್ವೀಪದಲ್ಲಿ ಒಂದು ತೊಟ್ಟೂ ಕಮ್ಮಿಯಾಗುವುದಿಲ್ಲ.

ಹೀಗೆ ಪೋರ್ಚುಗೀಸರ ಕೆರೆ ನಮ್ಮೂರಿಗೆ ಸಾಗಿಸಲ್ಪಟ್ಟಿತು.

ಸಾಗಿಸಿದ ಮೇಲೆ ರಿಪೇರಿ ಬೇಕಾಯಿತು. ನಮ್ಮ ಕಡೆ ನೀಲಿ ಕಣ್ಣಿನವರನ್ನು ಎಲ್ಲಿಂದ ತರುವುದು? ರಾಜಕುಮಾರಿಯನ್ನು ಗೌಡರ ಮಗಳು ಮಾಡಿದೆ. ಕಣ್ಣಿಗೆ ದಪ್ಪಗೆ ಕಾಡಿಗೆ ಬಳಿದೆ. ಅತ್ತಾಗ ಕಪ್ಪು ನೀರು. ಹುಡುಗನಿಗೆ ಏನು ಮಾಡುವುದು? ತುಂಬ ತಲೆ ಕೆಡಿಸಿಕೊಂಡು ಕೊನೆಗೆ ಅವನಿಗೆ ಮದ್ರಾಸ್ ಐ ಬರಿಸಿದೆ. ಅತ್ತಾಗ ಕೆಂಪು ನೀರು. ಅರ್ಧ ಕಪ್ಪು, ಅರ್ಧ ಕೆಂಪು. ಕೆರೆ ಸಿದ್ಧ!

ತಲೆ ಬಾಚುವಾಗ ಮಾನ್ಯಳಿಗೆ ಹೇಳಿದೆ. ಹುಡುಗಿ ಬಾಚಣಿಗೆಯನ್ನೂ ಮರೆತು ತಿರುಗಿ ಕೂತಳು.

"ಅಜ್ಜಿ! ಈಸ್ ದಿಸ್ ಫಾರ್ ರಿಯಲ್?"

"ರಿಯಲ್ಲೇ ಕಣೇ. ಆ ನೀರಲ್ಲಿ ನಾನೇ ಬಟ್ಟೆ ಒಗ್ದಿದ್ದೀನಿ."

"ವಿಚ್ ಸೈಡ್?"

"ಕರೀ ಬಟ್ಟೆ ಕರೀ ಕಡೆ. ಕೆಂಪು ಬಟ್ಟೆ ಕೆಂಪು ಕಡೆ."

"ವಾಟ್ ಅಬೌಟ್ ವೈಟ್?"

"ಬಿಳೀದು ನಮ್ಮೂರಲ್ಲಿ ಯಾರೂ ಹಾಕ್ತಿರ್ಲಿಲ್ಲ."

ಕುರ್ಚಿ ನನ್ನದೇ ಎಂದು ತೀರ್ಮಾನವಾಯಿತು. ಅಲ್ಲಿಗೆ ನಿಲ್ಲಿಸಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಭಾನುವಾರ ಸುಗುಣಮ್ಮ ಊಟಕ್ಕೆ ಬಂದರು. ಅವರ ಮುಖ ಸಣ್ಣಗಾಗುವುದನ್ನು ನೋಡಬೇಕಲ್ಲ ನನಗೆ! ಮಾನ್ಯಳ ಕೈಯಲ್ಲೇ ಕಥೆ ಹೇಳಿಸಿದೆ. ಸುಗುಣಮ್ಮ ಸಾರು ಕಲಸುವುದನ್ನು ನಿಲ್ಲಿಸಿ ಪೂರ್ತಿ ಕೇಳಿದರು. ಈಗ ಹಿಡಿಯುತ್ತಾರೆ, ಯಾವ ತಾಲೂಕು, ಯಾವ ಹೋಬಳಿ ಎಂದು ಜನ್ಮ ಜಾಲಾಡುತ್ತಾರೆ ಎಂದು ನಾನು ಸಾರಿನ ಸೌಟು ಎತ್ತಿಕೊಂಡೆ.

"ಓ, ಆ ಕೆರೆನಾ?" ಎಂದರು ಸುಗುಣಮ್ಮ. "ನಾನು ನೋಡಿದ್ದೀನಿ."

ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

"ಸ್ಕೂಲ್ ಟ್ರಿಪ್ಪಲ್ಲಿ ಮಕ್ಕಳನ್ನ ಕರ್ಕೊಂಡು ಹೋಗಿದ್ದೆ. ದಂಡೆ ಮೇಲೆ ಒಂದು ಶಾಸನ ಕೂಡ ಇದೆ. ಆದ್ರೆ ನೀವು ಹೇಳಿದ್ರಲ್ಲಿ ಒಂದು ತಪ್ಪಿದೆ ಬೀಗಿತ್ತಿಯೋರೇ. ಅವಳು ಗೌಡರ ಮಗಳಲ್ಲ. ಪಾಳೇಗಾರನ ಮಗಳು."

ಆ ತಾಯಿಗೆ ಗೊತ್ತಿಲ್ಲ ಎಂದು ಹೇಳಿ ಅಭ್ಯಾಸವೇ ಇಲ್ಲ. ಜೀವಮಾನದಲ್ಲಿ ಒಂದು ಸಲವೂ ಹೇಳಿಲ್ಲ. ಇಲ್ಲದ ಕೆರೆಯನ್ನೇ ನೋಡಿಬಿಟ್ಟರು! ನಾನು ಹುಟ್ಟಿಸಿದ ಸುಳ್ಳಿಗೆ ನನ್ನೆದುರೇ ತಪ್ಪು ತಿದ್ದಿದರು! ಏನೆನ್ನಲಿ? ಸುಳ್ಳು ಹೇಳುತ್ತಿದ್ದೀರಿ ಎನ್ನಲೇ? ಎಂದರೆ ಮೊದಲು ನನ್ನ ಬಾಲ ಸುಡುತ್ತದೆ.

"ನೀವೂ ನೋಡಿರ್ಬೇಕಲ್ಲ ಬೀಗರೇ?" ಎಂದು ಯಜಮಾನರ ಕಡೆ ತಿರುಗಿದರು.

ಸತ್ಯವಂತರು, ಇವರಾದರೂ ಹೇಳಿಯಾರು ಎಂದು ನೋಡಿದೆ. ಯಜಮಾನರು ಹೆಡ್‌ಮಿಸ್ಟ್ರೆಸ್ಸಿನ ಕಣ್ಣು ನೋಡಿದರು. "ಹೂಂ ಮೇಡಂ. ಈಜು ಕಲ್ತಿದ್ದೇ ಅಲ್ಲಿ. ಕರೀ ಕಡೆ ಆಳ ಜಾಸ್ತಿ."

ಮಾನ್ಯ ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ಅವರನ್ನು ನೋಡಿದಳು. "ಅಜ್ಜಿ, ಸಾರಿ. ಸುಗುಣ ಅಜ್ಜಿ ಶುಡ್ ಡು ಇಟ್. ಶಿ ನೋಸ್ ಮೋರ್."

ನನ್ನ ಊರು. ನನ್ನ ಕೆರೆ. ನಾನೇ ಕದ್ದದ್ದು. ಕುರ್ಚಿ ಅವರಿಗೆ!

ಆ ದಿನ ಬಂತು. ಸುಗುಣಮ್ಮ ರೇಷ್ಮೆ ಸೀರೆ ಉಟ್ಟು ದೊಡ್ಡ ಕುರ್ಚಿಯಲ್ಲಿ ವಿರಾಜಮಾನರಾದರು. ನಾನೂ ಯಜಮಾನರೂ ಹಿಂದೆ, ಮಕ್ಕಳು ಕೂರುವ ಗೇಣುದ್ದದ ಕುರ್ಚಿಗಳಲ್ಲಿ, ಮಂಡಿ ಗಲ್ಲಕ್ಕೆ ತಾಗಿಸಿಕೊಂಡು ಕುಕ್ಕರಿಸಿದೆವು. ಅವರು ಇಂಗ್ಲಿಷಿನಲ್ಲಿ ಹೊಡೆದರು ನೋಡಿ, ಪಾಳೇಗಾರ, ಕೋಟೆ, ಶಾಸನ! ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ನನ್ನ ಕಥೆ ಇಷ್ಟು ಚೆನ್ನಾಗಿದೆ ಎಂದು ನನಗೇ ಗೊತ್ತಿರಲಿಲ್ಲ.

ಅಷ್ಟರಲ್ಲಿ ಬಾಗಿಲ ಪಕ್ಕದಿಂದ "ನೋ, ನೋ, ನೋ!" ಎಂದು ಒಂದು ದನಿ ಎದ್ದಿತು. ತಿರುಗಿದರೆ ಇಲ್ಡಾ! ಅವಳ ಮೊಮ್ಮಗನೂ ಅದೇ ಕ್ಲಾಸಿನಲ್ಲಿದ್ದಾನೆ ಎಂದು ನನಗೆ ಗೊತ್ತಿತ್ತು. ಅವನಿಗೂ ಒಬ್ಬ ಅಜ್ಜಿ ಬರಬೇಕಲ್ಲ ಎಂಬುದು ಮಾತ್ರ ಹೊಳೆದಿರಲಿಲ್ಲ. ಅವಳ ಸರದಿ ಮುಂದಿನದು. ಹೇಳಲು ಬಂದದ್ದೂ ಅದೇ ಕೆರೆ!

"ಮೈ ಲೇಕ್! ಮೈ ಐಲ್ಯಾಂಡ್!" ಎಂದು ಎದೆ ಬಡಿದುಕೊಂಡಳು.

ಸುಗುಣಮ್ಮ ಅಲುಗಲಿಲ್ಲ. ನಗುತ್ತಾ ಟೀಚರಿಗೆ ಏನೋ ಹೇಳಿದರು. ಇಂಗ್ಲಿಷು ಜೋರಾಗಿ ಓಡುತ್ತಿದ್ದರಿಂದ ಯಜಮಾನರು ನನ್ನ ಕಿವಿಯಲ್ಲಿ ಬಿಡಿಸಿ ಹೇಳಿದರು: "ಪೋರ್ಚುಗೀಸ್ನೋರು ಗೋವಾಕ್ಕೆ ಬಂದಿದ್ರಲ್ಲ, ಮೆಣಸಿನ ಜೊತೆ ನಮ್ ಕಥೆನೂ ಹೊತ್ಕೊಂಡ್ ಹೋಗವ್ರೆ ಅಂತಾವ್ರೆ ಕಣೇ."

ಕದ್ದವಳು ನಾನು, ಕಳ್ಳತನದ ಆಪಾದನೆ ಇಲ್ಡಾಳ ಮುತ್ತಾತನ ಮೇಲೆ! ಇಲ್ಡಾ ಕೆಂಪಗಾಗಿ ನನ್ನ ಕಡೆ ಬೆರಳು ತೋರಿಸಿದಳು. "ಶಿ ನೋ! ಐ ಟೆಲ್ ಹರ್!" ಇಡೀ ಕ್ಲಾಸು ನನ್ನ ಕಡೆ ತಿರುಗಿತು. ಮಾನ್ಯಳೂ ತಿರುಗಿದಳು. "ಅಜ್ಜಿ, ಟೆಲ್ ದೆಮ್. ಇಟ್ಸ್ ಯುವರ್ ಲೇಕ್."

ನಾನು ಎದ್ದೆ. ಕುರ್ಚಿಯೂ ನನ್ನ ಜೊತೆ ಎದ್ದಿತು. ಯಜಮಾನರು ಅದನ್ನು ಎಳೆದು ಬಿಡಿಸಿದರು.

ನಿಜ ಹೇಳಿಬಿಡೋಣ ಎನಿಸಿತು. ಪಾಪಪ್ರಜ್ಞೆ ಎಂದುಕೊಳ್ಳಬೇಡಿ. ಇಲ್ಡಾ ಕಾಳು ಕೊಡುವುದನ್ನು ನಿಲ್ಲಿಸಿದರೆ ಹುಳಿಗೆ ಏನು ಹಾಕಲಿ? ಕನ್ನಡದಲ್ಲೇ ಗಟ್ಟಿಯಾಗಿ ಹೇಳಿದೆ: "ನಮ್ಮೂರಲ್ಲಿ ಕೆರೆನೂ ಇಲ್ಲ, ಗಿರೆನೂ ಇಲ್ಲ. ಒಂದ್ ಬೋರ್‌ವೆಲ್ ಐತೆ. ಕಥೆ ಇವಳ್ದು. ನಾನು ಕದ್ದೆ. ಸುಗುಣಮ್ಮೋರು ನೋಡಿದ್ದೂ ಸುಳ್ಳು, ಇವ್ರು ಈಜಿದ್ದೂ ಸುಳ್ಳು."

ಟೀಚರ್ ಸುಗುಣಮ್ಮನ ಕಡೆ ನೋಡಿದರು. ಸುಗುಣಮ್ಮ ಕಣ್ಣೂ ಮಿಟುಕಿಸದೆ ಅನುವಾದ ಮಾಡಿದರು. ಯಜಮಾನರು ಮತ್ತೆ ಕಿವಿಗೆ ಬಂದರು: "ಕೆರೆ ಪಾಪ ಈಗ ಒಣಗೋಗೈತೆ, ಬೋರ್‌ವೆಲ್ ಒಂದೇ ಉಳ್ದಿರೋದು ಅಂತ ನೀನು ಹೇಳ್ದೆ ಅಂತಾವ್ರೆ."

ಮಕ್ಕಳೆಲ್ಲ "ಓ..." ಎಂದು ದುಃಖಪಟ್ಟರು.

ಆಗ ಮಾನ್ಯ ಎದ್ದು ನಿಂತಳು. ಈ ಮಕ್ಕಳು ಕನ್ನಡ ಆಡುವುದಿಲ್ಲ ನಿಜ, ಆದರೆ ಒಂದಕ್ಷರವೂ ಬಿಡದೆ ಅರ್ಥ ಮಾಡಿಕೊಳ್ಳುತ್ತವೆ. ಅಜ್ಜಿ ಕಳ್ಳಿ ಎನ್ನುತ್ತಾಳೆ ಎಂದು ಕಾದೆ. ಅವಳು ಟೀಚರ್ ಹತ್ತಿರ ಹೋಗಿ, ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ಮೈ ಅಜ್ಜಿ ಫರ್ಗೆಟ್ಸ್ ಥಿಂಗ್ಸ್." ಇದಕ್ಕೆ ಯಜಮಾನರ ನೆರವು ಬೇಕಾಗಲಿಲ್ಲ. ಪಕ್ಕದ ಮನೆಯ ಅಜ್ಜಿ ಹೇಳಿದ್ದನ್ನೆಲ್ಲ ತನ್ನ ಊರಲ್ಲೇ ನಡೆಯಿತು ಎಂದುಕೊಳ್ಳುತ್ತಾಳೆ ಎಂದೂ ಸೇರಿಸಿದಳು. ನನ್ನ ಮಾನ ಉಳಿಸಲು ಮಗು ನನ್ನ ತಲೆಯನ್ನೇ ಕೊಟ್ಟುಬಿಟ್ಟಿತು!

ಸುಗುಣಮ್ಮನ ಚುರುಕು ನೋಡಬೇಕಿತ್ತು. ತಕ್ಷಣ ಸೆರಗಿನಿಂದ ಕಣ್ಣೊತ್ತಿಕೊಂಡರು. ಹೌದು, ಮನಸ್ಸಿಗೆ ನೋವಾಗದಿರಲಿ ಎಂದು ನಾವೆಲ್ಲ ಹೂಂಗುಟ್ಟಿಕೊಂಡು ಬಂದಿದ್ದೇವೆ ಎಂದರಂತೆ. ಟೀಚರ್ ಅವರ ಕೈ ಹಿಡಿದು, ನಿಮ್ಮಂಥ ದೊಡ್ಡ ಮನಸ್ಸು ಯಾರಿಗೂ ಬರುವುದಿಲ್ಲ ಎಂದರಂತೆ. ಇಲ್ಡಾ ಓಡಿ ಬಂದು ನನ್ನನ್ನು ತಬ್ಬಿಕೊಂಡು ಭೋರೆಂದು ಅತ್ತಳು. ಕೆರೆ ಹೇಗೆ ತುಂಬುತ್ತದೆ ಎಂದು ಆಗ ಗೊತ್ತಾಯಿತು.

"ನನ್ ತಲೆ ಸರಿಯಾಗೈತೆ ಕಣ್ರೀ!" ಎಂದು ಕೂಗಿದೆ.

"ಹೂಂ, ಹೂಂ, ಸರಿಯಾಗಿದೆ, ಕೂತ್ಕೊಳ್ಳಿ" ಎಂದು ಸುಗುಣಮ್ಮ ಬಂದು ಬೆನ್ನು ಸವರಿದರು. ಹಾಗೆ ಸವರಿಸಿಕೊಂಡ ಮೇಲೆ ಯಾವ ತಲೆಯೂ ಸರಿಯಾಗಿ ಕಾಣುವುದಿಲ್ಲ.

ಅಂತೂ ಶಾಲೆಯಲ್ಲಿ ನನ್ನನ್ನು ಅರಿಯದ ಮಗುವಿಲ್ಲ ಈಗ. ಮಧ್ಯಾಹ್ನ ಮಾನ್ಯಳನ್ನು ಕರೆತರಲು ಗೇಟಿನ ಹತ್ತಿರ ನಿಂತರೆ ಇಡೀ ಕ್ಲಾಸು ಸಾಲಾಗಿ ಬರುತ್ತದೆ. ಮರೆವಿನವರ ಜೊತೆ ಹೇಗೆ ನಡೆದುಕೊಳ್ಳಬೇಕು ಎಂದು ಟೀಚರ್ ಪಾಠ ಮಾಡಿದ್ದಾರಂತೆ. ಒಬ್ಬೊಬ್ಬರೇ ನನ್ನ ಮುಂದೆ ನಿಂತು, ಬಾಯಿ ಅಗಲ ಮಾಡಿ, ನಿಧಾನವಾಗಿ, ಕಿವುಡಿಗೆ ಹೇಳುವ ಹಾಗೆ ಹೆಸರು ಹೇಳುತ್ತಾರೆ. ಕೊನೆಗೆ ಮಾನ್ಯಳೂ ಬಂದು, ತುಟಿ ಕಚ್ಚಿ ನಗು ತಡೆದುಕೊಂಡು, "ಹಾಯ್ ಅಜ್ಜಿ, ಐ ಆ್ಯಮ್ ಮಾನ್ಯ" ಎನ್ನುತ್ತಾಳೆ. ಸುಗುಣಮ್ಮನಿಗೆ ಈ ಮರ್ಯಾದೆ ಎಲ್ಲಿದೆ ಎಂದು ನಾನೂ ಗತ್ತಿನಿಂದ ತಲೆದೂಗುತ್ತಿದ್ದೆ.

ನಿನ್ನೆ ಒಬ್ಬ ಹುಡುಗ ಹೆಸರು ಹೇಳಲಿಲ್ಲ. ಸೊಂಟಕ್ಕೆ ಕೈ ಕೊಟ್ಟು ನಿಂತು, "ಹೂ ಆ್ಯಮ್ ಐ?" ಎಂದು ನನ್ನನ್ನೇ ಪರೀಕ್ಷೆಗೆ ಹಚ್ಚಿದ. ಯಾರು? ಇಲ್ಡಾಳ ಮೊಮ್ಮಗ. ಬೇಲಿಯಾಚೆ ದಿನ ಬೆಳಗಾದರೆ ಕಾಣುವ ಮುಖ. ಇದೂ ಒಂದು ಪ್ರಶ್ನೆಯೇ ಎಂದು ತಿರಸ್ಕಾರದಿಂದ ಬಾಯಿ ತೆರೆದೆ.

ಹೆಸರು ಬರಲಿಲ್ಲ!